ಮೇಲಿನ ಮನೆಯವರ ನಾಲ್ಕು ಸಾಲು

ಅವರ ಬಲಗಾಲಿನ ಹಿಮ್ಮಡಿ ಒಂದು ಗಳಿಗೆ ಸುಮ್ಮನಿದ್ದುದನ್ನು ನಾನು ಕಂಡವಳಲ್ಲ. ಕಾಲುಗುರಿಗೆ ನೀಲಿ ಬಣ್ಣ, ಎಳೆ ಮೀಸೆ, ಒಂದು ಕಿವಿಯಲ್ಲಿ ಜುಮುಕಿ. ಕೂತರೂ ನಿಂತರೂ ಆ ಹಿಮ್ಮಡಿ ನೆಲ ಕುಟ್ಟುತ್ತಲೇ ಇರುತ್ತಿತ್ತು. ಒಂಟಿಕೊಪ್ಪಲಿನ ನಮ್ಮ ಹಳೇ ಮನೆಯ ಮಹಡಿಗೆ ಅವರು ಬಾಡಿಗೆಗೆ ಬಂದ ವಾರದಲ್ಲೇ ಕೆಳಗೆ ನನ್ನ ಕಾಫಿ ಲೋಟಕ್ಕೆ ಸುಣ್ಣದ ಪುಡಿ ಉದುರತೊಡಗಿತು. ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟಿದೆ. ಮೇಲಿನಿಂದ ಅದೇ ತಾಳದಲ್ಲಿ ಜವಾಬು ಬಂತು! ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದೆ.

"ಬೈಯೋಕೆ ಬಂದ್ರಾ ಅಕ್ಕ? ಬೈದ್ಬುಡಿ. ಆಮೇಲೆ ಇದನ್ನೊಂದು ಕೇಳಿ" ಅಂದು ಒಂದೇ ಉಸಿರಿಗೆ ಮೂವತ್ತು ಸಾಲು ರ್‍ಯಾಪ್ ಒಗೆದರು. ಬೈಗುಳ ನನ್ನ ಬಾಯಲ್ಲೇ ಉಳಿಯಿತು.

ನನಗೆ ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ. ಗಂಡೋ ಹೆಣ್ಣೋ ಅಂತ ನೆಟ್ಟಗೆ ಕೇಳಿಯೇಬಿಟ್ಟೆ. "ಒಂದೊಂದು ದಿನ ಒಂದೊಂಥರ ಅಕ್ಕ. ಕೆಲವು ದಿನ ಎರಡೂ ಅಲ್ಲ. ನೀರು ಮಾತ್ರ ದಿನಾ ಬೆಳಿಗ್ಗೆ ಆರಕ್ಕೇ ಬೇಕು." ಆಮೇಲೆ ಸಿಟ್ಟು ಬಂದಾಗ ನಾನು ಕಣಯ್ಯ ಅನ್ನುತ್ತಿದ್ದೆ, ಮುದ್ದು ಬಂದಾಗ ಕಣಮ್ಮ. ಎರಡಕ್ಕೂ ಓಗೊಡುತ್ತಿದ್ದರು.

ಹಗಲು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಡಬ್ಬ ಮುಚ್ಚುವ ಯಂತ್ರದ ಸದ್ದಿಗೆ ಸಾಲು ಕಟ್ಟಿ, ಕಂಪನಿ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು, ಮನೆಗೆ ಬಂದು ಕೋಣೆಯ ಉದ್ದಗಲ ನಡೆಯುತ್ತ ತಿದ್ದುವರು. ಕಾಗದ ಮುಟ್ಟುತ್ತಿರಲಿಲ್ಲ. "ಬರೆದ್ರೆ ಕೂತ್ಕೊಂಡ್ಬುಡುತ್ತೆ ಅಕ್ಕ, ಅದು ನಡೀತಾ ಇರ್ಬೇಕು" ಅನ್ನುವರು. ಹೀಗಾಗಿ ಅವರು ಕಟ್ಟಿದ್ದೆಲ್ಲ ಸೂರಿನಿಂದ ಇಳಿದಿಳಿದು ನನಗೂ ಬಾಯಿಗೆ ಬಂದುಬಿಟ್ಟಿತ್ತು. ಭಾನುವಾರ ಪಾರ್ಕಿನಲ್ಲಿ ರ್‍ಯಾಪ್ ಹುಡುಗರ ಗುಂಪು ಸೇರುತ್ತಿತ್ತು. ಮೊದಲು ಜುಮುಕಿ ನೋಡಿ ಶಿಳ್ಳೆ ಹಾಕಿದವರೇ ಕೊನೆಗೆ ತಮ್ಮ ಸಾಲು ತಿದ್ದಿಸಿಕೊಳ್ಳಲು ನಮ್ಮ ಮೆಟ್ಟಿಲು ಹತ್ತತೊಡಗಿದರು.

ನನ್ನದು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಕಸುಬು, ಯಜಮಾನರು ಬಿಟ್ಟು ಹೋದದ್ದು. ಹಾಡುವ ಗಂಡಸರಿಗೆ ನೀಲಿ ಟೇಪು ಸುತ್ತಿದ ಮೈಕು, ಹೆಂಗಸರಿಗೆ ಕೆಂಪು, ಅದಕ್ಕೆ ತಕ್ಕಂತೆ ಮಿಕ್ಸರ್ ಹೊಂದಿಸಿಟ್ಟಿರುವುದು ನಮ್ಮ ಪದ್ಧತಿ. ಇವರ ಗಂಟಲಿಗೆ ಎರಡೂ ಒಗ್ಗಲಿಲ್ಲ, ಬೇರೆ ಹೊಂದಿಸಿ ಅಂದರು. "ನಂಗೇ ಪಾಠ ಹೇಳ್ಕೊಡ್ತೀಯಾ?" ಅಂತ ರೇಗಿದೆ. ಆಮೇಲೆ ನಾನೇ ಎರಡು ಮಧ್ಯಾಹ್ನ ಕೂತು ಬೇರೆಯಾಗಿ ಹೊಂದಿಸಿದೆ. ಆ ಗಂಟಲು ಎಷ್ಟು ದೊಡ್ಡದೆಂದು ಅವತ್ತು ತಿಳಿಯಿತು.

ಅವರ ತಂದೆ ಮಂಡಕಳ್ಳಿಯ ಕಡೆಯ ರೈತರು. ಜುಮುಕಿ ಕಿವಿಗೆ ಬಂದ ದಿನವೇ ಹೊಸಿಲು ತುಳಿಯಬೇಡ ಅಂದಿದ್ದರು. ತಾಯಿಯ ಕೈಯಲ್ಲಿ ಫೋನಿಲ್ಲ. ಆ ತಾಯಿಗಾಗಿ ನಾಲ್ಕು ಸಾಲು ಕಟ್ಟಿದ್ದರು. ಉಳಿದ ಹಾಡುಗಳೆಲ್ಲ ಮೊಬೈಲಿನಲ್ಲಿ ಊರೆಲ್ಲ ಓಡಾಡುತ್ತಿದ್ದರೂ ಅದನ್ನು ರೆಕಾರ್ಡ್ ಮಾಡಲು ಒಪ್ಪಲಿಲ್ಲ. "ಅದು ಅವ್ವನ ಮುಂದೇ ಹೇಳ್ಬೇಕಾದ್ದು."

ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಹತ್ತು ನಿಮಿಷ ಕೊಡಿಸಿದವಳು ನಾನೇ. ಊರಿಗೆ ಹೋಗುವವರೊಬ್ಬರ ಕೈಲಿ ಹೇಳಿಕಳಿಸಿದ್ದರು, ನೆಂಟರ ಮನೆಗೆಂದು ಗಂಡನಿಗೆ ಸುಳ್ಳು ಹೇಳಿ ತಾಯಿ ಬಂದರು. "ಅಗೋ ಅಕ್ಕ, ಹಸಿರು ಸೀರೆ, ಹಿಂದಿನ ಸಾಲು" ಎಂದು ಇವರು ನನಗೆ ತೋರಿಸಿದರು. ಪಂಚೆ, ಶರ್ಟು, ಕಣ್ಣಿಗೆ ದಪ್ಪಗೆ ಕಾಡಿಗೆ ಹಾಕಿಕೊಂಡು ವೇದಿಕೆ ಹತ್ತಿದರು. ಎರಡು ಹಾಡು ಸಲೀಸಾಗಿ ಹೋಯಿತು, ಮಕ್ಕಳು ಕುಣಿದವು. ಆಮೇಲೆ ಹಿಂದಿನ ಸಾಲಿನತ್ತ ತಿರುಗಿ ಶುರು ಮಾಡಿದರು:

"ದೃಷ್ಟಿ ಆಗ್ದಿರ್ಲಿ ಅಂತ ಕೆನ್ನೆಗಿಟ್ಟೆ ಕಪ್ಪು…"

ಸಮಿತಿಯ ಅಧ್ಯಕ್ಷರು ಮುಖ ಹುಳಿ ಮಾಡಿಕೊಂಡು ಸಾಕು ಅಂತ ಕೈ ಎತ್ತಿದರು. ಯಜಮಾನರು ನನಗೆ ಕಲಿಸಿದ ಮೊದಲ ಪಾಠ ಅದು: ಕರೆಸಿದವರ ಕೈ ಮೇಲೆ ಕಣ್ಣಿರಲಿ, ಎತ್ತಿದ ತಕ್ಷಣ ಮೈಕಿನ ಸದ್ದು ಇಳಿಸು. ನನ್ನ ಬೆರಳು ನನ್ನನ್ನೊಂದು ಮಾತು ಕೇಳಲಿಲ್ಲ, ಇಳಿಸಿಬಿಟ್ಟಿತು. ಇವರು ಮೈಕಿಲ್ಲದೆ ಕೂಗಿದರು. ಅಷ್ಟರಲ್ಲಿ ಆರ್ಕೆಸ್ಟ್ರಾದವರು ಬಾರಿಸತೊಡಗಿದ್ದರು. ನಾನು ಬೆರಳು ಎತ್ತಿ ನೋಡುವಾಗ ಹಸಿರು ಸೀರೆ ಎದ್ದು ಹೋಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಎಂದಿನಂತೆ ಬಂದು ನನ್ನೊಡನೆ ಕೇಬಲ್ ಸುತ್ತಿದರು. "ನಿಮ್ಮ ತಪ್ಪಿಲ್ಲ ಬುಡಿ ಅಂತೀನಿ ಅಂದ್ಕೊಂಡ್ರಾ ಅಕ್ಕ? ತಪ್ಪು ನಿಮ್ದೇ."

ಸುಳ್ಳು ತಂದೆಗೆ ಗೊತ್ತಾಗಿ ತಾಯಿ ಊರು ಬಿಟ್ಟು ಬರುವುದು ನಿಂತಿತು. ಮೇಲೆ ನಡೆಯುವ ಸದ್ದಿತ್ತು, ದನಿ ಇರಲಿಲ್ಲ. ಮೂರನೇ ವಾರ ತಡೆಯಲಾರದೆ ಬಸ್ಸು ಹತ್ತಿ ಆ ಊರಿಗೆ ಹೋದೆ. ತಂದೆ ಹೊಲದಲ್ಲಿದ್ದರು. ತಾಯಿ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು.

"ಅವತ್ತು ಮೈಕು ಇಳಿಸಿದವಳು ನಾನೇ ಕಣ್ರವ್ವ" ಅಂದೆ.

ಮೊರ ಕೆಳಗಿಟ್ಟರು. "ಕಪ್ಪು ಅಂದುದ್ದು ಕೇಳುಸ್ತು. ಆಮ್ಯಾಕೆ ಏನಂತು ನನ್ ಕೂಸು?"

ಮಂಡಕಳ್ಳಿ ನಿಲ್ದಾಣಕ್ಕೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಅಡಗಲಿ ಎಂದು ಕಾದೆ. ನನಗೆ ಕಂಠವಿಲ್ಲ, ತಾಳವಿಲ್ಲ. ಸೂರಿನಿಂದ ಕೇಳಿದಂತೆ ಹೇಳಿದೆ:

"ದೃಷ್ಟಿ ಆಗ್ದಿರ್ಲಿ ಅಂತ ಕೆನ್ನೆಗಿಟ್ಟೆ ಕಪ್ಪು,
ಅದೇ ಕಪ್ಪು ಕಣ್ಣಿಗಿಟ್ರೆ ಎಂಗವ್ವ ತಪ್ಪು?
ಊರೇ ಬಾಗ್ಲು ಹಾಕ್ಕೊಳ್ಲಿ, ಬುಡು, ನಂಗೇನು?
ಒಳಗಿಂದ ಚಿಲ್ಕ ಹಾಕ್ಬ್ಯಾಡ ಕಣವ್ವ ನೀನು."

ಸಂಜೆ ಮಹಡಿ ಹತ್ತಿ, ಹೋಗಿದ್ದೆ, ಹೇಳಿ ಬಂದೆ ಎಂದು ಒಪ್ಪಿಸಿದೆ. ಖುಷಿಪಡುತ್ತಾರೆಂದು ನಂಬಿದ್ದೆ, ಎಂಥ ಪೆದ್ದಿ ನಾನು! "ಅದು ನನ್ ಬಾಯಿಂದ ಬರ್ಬೇಕಿತ್ತು. ಮೊದ್ಲು ಮೈಕು ಕಿತ್ಕೊಂಡ್ರಿ, ಈಗ ಮಾತೂ ಕಿತ್ಕೊಂಡ್ರಾ?" ಎಂದು ಕದ ಹಾಕಿಕೊಂಡರು.

ಈಗ ಅವರನ್ನು ಕಾಲೇಜುಗಳವರು, ದೊಡ್ಡ ದೊಡ್ಡ ಸಭಾಂಗಣದವರು ಹುಡುಕಿಕೊಂಡು ಬರುತ್ತಾರೆ. ಕಾರ್ಖಾನೆ ಬಿಟ್ಟಾಯಿತು, ನಮ್ಮ ಮಹಡಿಯನ್ನೂ ಬಿಟ್ಟರು. ಸೌಂಡು ಮಾತ್ರ ಅಕ್ಕನದೇ ಆಗಬೇಕೆಂದು ಹಟ ಹಿಡಿಯುತ್ತಾರೆ. ಅವರು ಹಾಡುವಾಗ ಯಾರ ಕೈಯನ್ನೂ ನಾನು ನೋಡುವುದಿಲ್ಲ. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಗೊತ್ತಿಲ್ಲ, ಕೇಳುವ ಧೈರ್ಯ ನನಗಿಲ್ಲ. ಕೇಳಿದ್ದು ಅವರೇ, ಇನ್ನೂ ನಮ್ಮ ಮಹಡಿಯಲ್ಲಿದ್ದಾಗ, ಆ ಸಂಜೆ ಕದ ಹಾಕಿಕೊಂಡು ಹತ್ತು ದಿನ ಮಾತು ಬಿಟ್ಟ ಮೇಲೆ, ಒಂದು ಬೆಳಿಗ್ಗೆ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು.

"ಅವ್ವ ಏನಂದ್ಲು?"

"ಇನ್ನೊಂದ್ ಸಲ ಹೇಳಿ ಅಂದ್ರು."

"ಹೇಳಿದ್ರಾ?"

"ಹೇಳ್ದೆ."

"ಎಷ್ಟ್ ಸಲ?"

"ಬಸ್ಸು ಬರೋಗಂಟ" ಅಂದೆ.