ಹನ್ನೊಂದು ಗಂಟೆಯ ಗೆರೆ

ಗಜೇಂದ್ರಗಡದ ಕಳಕವ್ವನನ್ನು ನಾನು ಹೆಚ್ಚುಕಡಿಮೆ ಒಂದು ವರ್ಷ ಕಂಪ್ಯೂಟರಿನ ಕೀಬೋರ್ಡ್ ಎಂದೇ ತಿಳಿದಿದ್ದೆ.

ತಪ್ಪು ಪೂರ್ತಿ ನನ್ನದಲ್ಲ. ಅದು ಲಾಕ್‌ಡೌನ್ ಕಾಲ. ಬೆಳೆ ವಿಮೆಯ ಅರ್ಜಿಗಳನ್ನು ನೋಡಿಕೊಳ್ಳುವ ಒಂದು ಖಾಸಗಿ ಸಂಸ್ಥೆಯ ರೋಣ ಶಾಖೆಗೆ ನಾನು ಮುಖ್ಯಸ್ಥ. ಮುಖ್ಯಸ್ಥ ಎಂದರೆ, ಏಳು ಜನರ ಆಫೀಸಿನಲ್ಲಿ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ ಹಾಕಿಕೊಂಡು ಕೂಡುವ ಒಬ್ಬನೇ ಮನುಷ್ಯ. ಎಲ್ಲರೂ ಮನೆ ಸೇರಿಬಿಟ್ಟ ಮೇಲೆ ಆ ಟವೆಲ್ಲನ್ನು ನೋಡುವವರು ಯಾರೂ ಉಳಿಯಲಿಲ್ಲ. ಅದಕ್ಕೇ ದಿನಾ ಹನ್ನೊಂದು ಗಂಟೆಗೆ ಫೋನಿನಲ್ಲಿ ಮೀಟಿಂಗ್ ಇಟ್ಟೆ. ರೈತರ ಫೋನುಗಳಿಗೆ ಉತ್ತರ ಕೊಡುವ ಬನಶ್ರೀ ಎಂಬ ಹುಡುಗಿ ಗಜೇಂದ್ರಗಡದಿಂದ ಕೂಡಿಕೊಳ್ಳುತ್ತಿದ್ದಳು. ಅವಳ ಕಡೆಯಿಂದ ಸದಾ ಖಟಕ್, ಖಟಕ್ ಎಂಬ ಸದ್ದು.

“ನೋಡ್ರಿ, ನಾವು ಮಾತಾಡ್ಲಿಕತ್ತೀವಿ, ಆಕಿ ಟೈಪ್ ಮಾಡೋದು ಬಿಟ್ಟಿಲ್ಲ. ಕಲೀರಿ ಸ್ವಲ್ಪ,” ಎಂದು ಉಳಿದವರಿಗೆ ಹೇಳುತ್ತಿದ್ದೆ. “ಸರ್, ಅದು ಏನಂದ್ರ...” ಎಂದು ಬನಶ್ರೀ ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದೆ.

ತಿಂಗಳಿಗೆ ಒಂದು ದಿನ ಮಾತ್ರ ಸದ್ದು ಪೂರ್ತಿ ಬಂದ್. ಎರಡು ಮೂರು ಸಲ ಗಮನಿಸಿ ಕೇಳಿಯೇಬಿಟ್ಟೆ: “ಏನವಾ, ಇವತ್ತು ಕೆಲಸದ ಕಡೆ ಲಕ್ಷ್ಯ ಇಲ್ಲೇನು?”

“ಸರ್, ಇವತ್ತು ಅಮಾಸಿರಿ,” ಎಂದಳು.

ವಿಮೆಯ ಅರ್ಜಿಗೂ ಅಮಾವಾಸ್ಯೆಗೂ ಎಲ್ಲಿಯ ಸಂಬಂಧ? ವಿದ್ಯಾವಂತರು ಇಂಥ ಮೂಢನಂಬಿಕೆ ಬಿಡಬೇಕೆಂದು ಆರೂ ಜನರಿಗೆ ಹದಿನೈದು ನಿಮಿಷ ಉಪದೇಶ ಮಾಡಿದೆ. ಆರೂ ಜನ “ಹೌದ್ರಿ ಸರ್” ಎಂದರು. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ ಎಂಬುದು ಗಜೇಂದ್ರಗಡದಲ್ಲಿ ಮೊಲೆ ಬಿಡದ ಕೂಸಿಗೂ ಗೊತ್ತು. ನನಗೆ ಗೊತ್ತಾಗಬೇಕಾದರೆ ಆ ಮನೆಯ ಹೊಸ್ತಿಲು ದಾಟಬೇಕಾಯಿತು.

ದಾಟಿದ್ದೂ ನನ್ನದೇ ಒಂದು ಪ್ರತಾಪದಿಂದ. ರೋಗ ಇಳಿದು ಎಲ್ಲರೂ ತಂತಮ್ಮ ಆಫೀಸಿನ ಕಸ ಗುಡಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ನಾನು ಮೇಲಿನವರಿಗೆ ಮೂರು ಪುಟದ ವರದಿ ಬರೆದೆ. ಆಫೀಸಿನ ಕಾಲ ಮುಗಿಯಿತು, ಇನ್ನು ಮನೆಯೇ ಕಚೇರಿ ಎಂದು. “ಕಚೇರಿ ಎಂಬುದು ನಾಲ್ಕು ಗೋಡೆಯಲ್ಲ, ಅದೊಂದು ಮನೋಭಾವ” ಎಂಬ ಸಾಲನ್ನು ಹೆಂಡತಿ ಪದ್ಮಶ್ರೀಗೆ ಎರಡು ಸಲ ಓದಿ ಹೇಳಿದ್ದೆ. “ಆ ಮನೋಭಾವ ಮೊದಲ ಊಟದ ಟೇಬಲ್ ಮ್ಯಾಲಿಂದ ತೆಗೀರಿ. ತಾಟು ಇಡಬೇಕಾಗ್ಯದ,” ಎಂದಳು.

ಮೇಲಿನವರಿಗೆ ಮಾತ್ರ ವರದಿ ಬಹಳ ಹಿಡಿಸಿತು. ಸುತ್ತೋಲೆಯಲ್ಲಿ ನನ್ನ ಹೆಸರು ಬಂತು. ರೋಣದ ಆಫೀಸಿನ ಕೀಲಿ ಮಾಲೀಕರ ಕೈ ಸೇರಿತು, ಮೇಜು ಕುರ್ಚಿ ಗುಜರಿಗೆ ಹೋದವು. ಮೂರು ತಿಂಗಳಿಗೆ ಹೊಸ ನಿಯಮವೂ ಬಂತು. ಪ್ರತಿ ಫೋನನ್ನೂ ಒಂದು ಯಂತ್ರ ಕೇಳಿ ಅಂಕ ಕೊಡುತ್ತದೆ. ಹಿಂದೆ ಸದ್ದು ಕೇಳಿಸಿದರೆ ಅಂಕ ಕಟ್. ಮೂರು ನೋಟೀಸಾದರೆ ನೌಕರಿ ಕಟ್. ಬನಶ್ರೀಗೆ ನಾಲ್ಕೇ ತಿಂಗಳಲ್ಲಿ ಎರಡು ನೋಟೀಸು. ಎರಡಕ್ಕೂ ರುಜು ನನ್ನದು. “ವೃತ್ತಿಪರ ವಾತಾವರಣ ಕಾಪಾಡತಕ್ಕದ್ದು” ಎಂಬ ಒಕ್ಕಣೆಯೂ ನನ್ನದೇ. ಮೂರನೆಯದಕ್ಕೆ ಮುಂಚೆ ಖುದ್ದು ಮನೆಗೆ ಹೋಗಿ ಪರಿಶೀಲಿಸಬೇಕೆಂದು ಆದೇಶ ಬಂತು. ರೋಣದಿಂದ ಬಸ್ ಹತ್ತಿದೆ.

ಮುಂದಿನ ಪಡಸಾಲೆಯೇ ಆ ಮನೆಯ ಮುಕ್ಕಾಲು ಪಾಲು. ಅದರಲ್ಲಿ ಅರ್ಧ ಜಾಗ ಕುಣಿಮಗ್ಗಕ್ಕೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಐವತ್ತೈದರ ಹೆಂಗಸೊಬ್ಬಳು ಸೀರೆ ನೇಯುತ್ತಿದ್ದಳು. ಖಟಕ್, ಖಟಕ್. ನನ್ನ ಕೀಬೋರ್ಡು! ನಾಲ್ಕು ಮಾರು ಆಚೆ ಕಿಟಕಿಯ ಬಳಿ, ಮನೆಯಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಮೂಲೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಗಳು ಬನಶ್ರೀ.

“ಬರ್ರಿ ಸಾಹೇಬ್ರ, ಕುಂದರ್ರಿ,” ಎಂದಳು ಕಳಕವ್ವ. “ಅಲ್ಲೆ ಅಲ್ಲರಿ! ನೂಲಿನ ಮ್ಯಾಲ ಕುಂತ್ರಲ್ಲ.”

ಎದ್ದು ಬೇರೆ ಕಡೆ ಕೂತೆ. ಅಷ್ಟರಲ್ಲಿ ಬನಶ್ರೀಗೆ ಫೋನ್ ಬಂತು. ಅವಳು ಹಿಂದೆ ತಿರುಗದೆ ಎಡಗೈ ಮೇಲೆತ್ತಿದಳು. ಮಗ್ಗ ತಟ್ಟನೆ ನಿಂತಿತು. ಅಡ್ಡನೂಲಿನ ಲಾಳಿ ಕಳಕವ್ವನ ಅಂಗೈಯಲ್ಲೇ ಉಳಿಯಿತು. ಅಬ್ಬಿಗೇರಿಯ ಯಾರೋ ತಮ್ಮ ಕಡಲೆಯ ಅರ್ಜಿ ಎಲ್ಲಿಗೆ ಬಂತೆಂದು ಐದು ನಿಮಿಷ ಕೇಳಿದರು. ಕೈ ಇಳಿಯಿತು, ಮಗ್ಗ ಶುರುವಾಯಿತು. ಒಂದು ತಾಸಿನಲ್ಲಿ ಹೀಗೆ ನಾಲ್ಕು ಸಲ.

“ಭಾಳ ಛಂದ ಹೊಂದಾಣಿಕಿ ಅದಲ್ರಿ!” ಎಂದೆ.

ಕಳಕವ್ವ ಲಾಳಿ ಬದಿಗಿಟ್ಟಳು. ಕುಣಿಯಿಂದ ಮೇಲೆದ್ದು, ಟ್ರಂಕಿನಿಂದ ಒಂದು ಸೀರೆ ತೆಗೆದು ನನ್ನ ಕೈಗೆ ಕೊಟ್ಟಳು. ದಾಳಿಂಬೆ ಬಣ್ಣದ ಮೈ, ಕೆಂಪು ಸೆರಗು.

“ಏನರ ಕಾಣ್ತೈತೇನ್ರಿ?”

“ಭಾಳ ಚಲೋ ಅದ.”

“ಬೆಳಕಿಗೆ ಹಿಡೀರಿ.”

ಹಿಡಿದೆ. ಸೀರೆಯ ಅಡ್ಡಕ್ಕೆ ಕೂದಲೆಳೆಯಂಥ ಗೆರೆಗಳು, ಗೇಣಿಗೆ ನಾಲ್ಕೈದರಂತೆ.

“ನೇಯೂ ಕೈ ನಿಂತು ಮತ್ತ ಚಾಲೂ ಆದಲ್ಲೆ ಗೆರಿ ಬೀಳ್ತೈತ್ರಿ. ಎಷ್ಟು ಹೊತ್ತು ನಿಲ್ತೈತಿ ಅಷ್ಟು ದಪ್ಪ,” ಎಂದು ಬೆರಳಿಟ್ಟು ತೋರಿಸಿದಳು. “ಈ ಸಣ್ಣವು ರೈತರ ಫೋನು. ಇದು ದಪ್ಪಂದು ನಿಮ್ಮದು.”

“ನನ್ನದೇ?”

“ಹನ್ನೊಂದರ ಮೀಟಿಂಗಿನ ಗೆರಿ. ನೋಟೀಸು ಬಂದಾಗಿಂದ ಆಗೂ ಮಗ್ಗ ನಿಲ್ಲಸ್ತೀನಿ. ಒಂದು ಸೀರಿಗೆ ನಾಕು ದಿನ ಹಿಡಿತೈತಿ. ನಾಕು ದಪ್ಪ ಗೆರಿ. ನೋಡ್ಕೋರಿ ಬೇಕಾರ.”

“ಅವ್ವಾ, ಅದನ್ನೆಲ್ಲ ಯಾಕ ಹೇಳ್ತಿ ಸರ್‌ಗೆ?” ಎಂದು ಬನಶ್ರೀ ಗೋಗರೆದಳು.

“ಗೆರಿ ಅವರವು, ಅವರಿಗೆ ಹೇಳಬಾರದೇನು?”

ನೋಡಿಕೊಂಡೆ. ನಾಲ್ಕೂ ಇದ್ದವು. ಅವುಗಳಲ್ಲಿ ಒಂದು, ದಿನಾ ಮೀಟಿಂಗ್ ಬೇಕೋ ಬೇಡವೋ ಎಂದು ನಾವು ಒಂದು ತಾಸು ಚರ್ಚಿಸಿದ ದಿನದ್ದೇ ಇದ್ದೀತು.

ಕಳಕವ್ವ ಹನ್ನೆರಡನೆಯ ವಯಸ್ಸಿಗೆ ಅಪ್ಪನ ಪಕ್ಕ ಕೂತು ಲಾಳಿ ಹಿಡಿದವಳು. ಹದಿನೆಂಟಕ್ಕೆ ಈ ಮನೆಗೆ ಸೊಸೆಯಾಗಿ ಬಂದಳು. ಗಂಡ ವೀರಪ್ಪನದೂ ಅದೇ ಕಸುಬು. ಆತ ತೀರಿಕೊಂಡ ಹದಿಮೂರನೆಯ ದಿನ ಮತ್ತೆ ಅದೇ ಮಗ್ಗಕ್ಕೆ ಕೂತು, ಮಗಳನ್ನು ಡಿಗ್ರಿವರೆಗೆ ಓದಿಸಿದಳು. ಅವಳ ನೇಯ್ಗೆ ಬಲು ಗಟ್ಟಿ. ಪೇಟೆಯ ಸಾವುಕಾರ ಕಟ್ಟಿನಲ್ಲಿ ಕೈಯಾಡಿಸಿಯೇ “ಇದು ಕಳಕವ್ವಂದು” ಎಂದು ಬೇರೆ ತೆಗೆದಿಡುತ್ತಿದ್ದನಂತೆ. ಈಗ ಅದೇ ಸಾವುಕಾರ ಒಂದೊಂದನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ ತಿರುಗಿ ಕಳಿಸುತ್ತಿದ್ದ.

“ನಲವತ್ತು ವರ್ಷದಾಗ ನನ್ನ ಸೀರಿ ಯಾರೂ ಬೆಳಕಿಗೆ ಹಿಡಿದಿದ್ದಿಲ್ರಿ,” ಎಂದಳು. “ಹಿಂಗ ನಿಂತ್ ನಿಂತ್ ನೇದ್ರ ನನ್ನ ಮಗ್ಗ ಉಳ್ಯಂಗಿಲ್ಲ. ನಿಲ್ಲಿಸದಿದ್ರ ಈಕಿ ನೌಕರಿ ಉಳ್ಯಂಗಿಲ್ಲ. ಒಂದು ಪಡಸಾಲ್ಯಾಗ ಎರಡೂ ಹಿಡ್ಯಂಗಿಲ್ರಿ ಸಾಹೇಬ್ರ. ರೋಣದಾಗ ಒಂದು ಸಣ್ಣ ಖೋಲಿ ತೆಗೀರಿ, ಒಂದು ಕುರ್ಚಿ ಹಾಕ್ರಿ. ಮುಂಚಿನಂಗ ಎಂಟರ ಬಸ್ಸಿಗೆ ಹೋಗಿ ಬರ್ತಾಳ.”

ನಾನು ಗಂಟಲು ಸರಿಮಾಡಿಕೊಂಡೆ. “ಹಂಗಲ್ಲರಿ ಕಳಕವ್ವಾರ. ಈಗ ಜಗತ್ತ ಬದಲಾಗ್ಯದ. ಮನಿಯೊಳಗ ಕೂತು ಕೆಲಸ ಮಾಡೋದು ಅಂದ್ರ ಮುಂದಿನ ಕಾಲದ ಪದ್ಧತಿ. ನಿಮಗಿದು ಹೊಸದು, ರೂಢಿ ಆಗ್ಬೇಕು...”

ನಲವತ್ತು ವರ್ಷ ಮನೆಯೊಳಗೇ ಕೂತು ಕೆಲಸ ಮಾಡಿದವಳಿಗೆ ಇದನ್ನು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅದಿರಲಿ. ಮ್ಯಾಲಿನವರಿಗೆ ಒಂದು ಚೀಟಿ ಬರೀತೀರೋ ಇಲ್ಲೋ?”

“ಬರೀತೀನ್ರಿ.”

“ಖರೇನ?”

“ಖರೇನರಿ.”

ಮನೆಗೆ ಬಂದು ಕಂಪ್ಯೂಟರ್ ತೆರೆದು “ಮಾನ್ಯರೇ,” ಎಂದು ಬರೆದೆ. ಮುಂದಿನ ಸಾಲಿಗೆ ಕೈ ಓಡಲಿಲ್ಲ. ರೋಣದಲ್ಲಿ ಆಫೀಸು ಬೇಕೆಂದರೆ, ಬೇಡವೆಂದು ಬರೆದವನು ತಿಳಿಗೇಡಿ ಎಂದಾಗುತ್ತದೆ. ಆ ಸುಮಾರಿಗೆ ಗದಗಿನ ದೊಡ್ಡ ಹುದ್ದೆಗೆ ನನ್ನ ಹೆಸರು ಓಡಾಡುತ್ತಿತ್ತು. ಅದೊಂದು ಇತ್ಯರ್ಥವಾಗಲಿ, ಆಮೇಲೆ ಬರೆದರಾಯಿತು ಎಂದುಕೊಂಡೆ. ಅಲ್ಲಿಯವರೆಗೆ ಇರಲಿ ಎಂದು ಹನ್ನೊಂದರ ಮೀಟಿಂಗನ್ನು ಒಂದು ತಾಸಿನಿಂದ ಮುಕ್ಕಾಲು ತಾಸಿಗೆ ಇಳಿಸಿದೆ. ಅದೇ ದೊಡ್ಡ ತ್ಯಾಗವೆನ್ನಿಸಿ ಆ ದಿನ ನಿದ್ದೆಯೂ ಚೆನ್ನಾಗಿ ಬಂತು. ಹುದ್ದೆ ಬೇರೆಯವರಿಗೆ ಹೋಯಿತು. ಆ ಪತ್ರ ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿದೆ, “ಮಾನ್ಯರೇ,” ಎಂಬಲ್ಲಿಗೆ ನಿಂತುಕೊಂಡು.

ಐದಾರು ತಿಂಗಳು ಕಳೆದಿರಬೇಕು. ಬನಶ್ರೀಯ ಅಂಕ ಇದ್ದಕ್ಕಿದ್ದಂತೆ ನೂರಕ್ಕೆ ನೂರಾಯಿತು. ಫೋನಿನ ಹಿಂದೆ ಒಂದು ನೊಣ ಹಾರಿದ ಸದ್ದೂ ಇಲ್ಲ. ಏನೋ ಉಪಾಯ ಕಂಡುಕೊಂಡಿದ್ದಾರೆ, ಜಾಣರು ಎಂದು ಸಂತೋಷಪಟ್ಟೆ. “ಅತ್ಯುತ್ತಮ ಗೃಹ ಕಚೇರಿ” ಎಂಬ ಪ್ರಮಾಣಪತ್ರ ಮೇಲಿನಿಂದ ಬಂತು. ಅಂಚೆಯಲ್ಲಿ ಕಳಿಸಬಹುದಿತ್ತು. ನಾನೇ ಖುದ್ದು ಕೊಟ್ಟರೆ ಅದಕ್ಕೊಂದು ಕಳೆ ಎಂದು ಚೌಕಟ್ಟು ಹಾಕಿಸಿಕೊಂಡು ಮತ್ತೆ ಗಜೇಂದ್ರಗಡದ ಬಸ್ ಹತ್ತಿದೆ.

ಪಡಸಾಲೆ ಬಹಳ ದೊಡ್ಡದಾಗಿ ಕಂಡಿತು. ಮಗ್ಗ ಇರಲಿಲ್ಲ. ಕುಣಿಯನ್ನು ಎರೆಮಣ್ಣು ಹಾಕಿ ಮುಚ್ಚಿ, ಮೇಲೆ ಪರಸಿ ಕಲ್ಲು ಕೂಡಿಸಿದ್ದರು. ಅದರ ಮೇಲೆ ಬನಶ್ರೀಯ ಮೇಜು.

“ಮೂರನೇ ನೋಟೀಸ್ ಬರೂಕಿಂತ ಮೊದಲ ಬಿಚ್ಚಿಸಿಬಿಟ್ಲು ಸರ್,” ಎಂದಳು ಬನಶ್ರೀ. “ನಾನ ಬ್ಯಾರೆ ಕಡೆ ನೌಕರಿ ಹುಡುಕ್ತೀನಿ ಅಂತ ಎಷ್ಟು ಬಡ್ಕೊಂಡೆ. ಕೇಳಲೇ ಇಲ್ಲ. ಸರ್ ಚೀಟಿ ಬರೀತೀನಿ ಅಂದಾರ, ಎರಡು ತಿಂಗಳು ನೋಡೂಣು ಅಂದ್ಲು. ನೋಡಿದ್ಲು.”

ಪ್ರಮಾಣಪತ್ರ ನನ್ನ ಚೀಲದಲ್ಲೇ ಇತ್ತು. “ಅವ್ವಾರು ಎಲ್ಲಿ?”

“ಆಫೀಸಿಗೆ ಹೋಗ್ಯಾಳ್ರಿ,” ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಊರಿನ ಆ ತುದಿಗೆ ತಗಡಿನ ಒಂದು ಶೆಡ್ಡಿನಲ್ಲಿ ಯಾರೋ ಹನ್ನೆರಡು ಮಗ್ಗ ಹಾಕಿದ್ದಾರೆ. ಒಂಬತ್ತಕ್ಕೆ ಹಾಜರಿ, ಆರಕ್ಕೆ ಬಿಡುಗಡೆ. “ಆಕೀನ ಅದಕ್ಕ ಆಫೀಸ್ ಅಂತಾಳ್ರಿ. ಬುತ್ತಿ ಕಟ್ಗೊಂಡು ಹೋಗ್ತಾಳ.”

ಆರೂವರೆಯವರೆಗೆ ಕೂತೆ. ಕಳಕವ್ವ ಬುತ್ತಿಯ ಚೀಲ ಹಿಡಿದುಕೊಂಡು ಬಂದಳು. ನಡಿಗೆ ಸ್ವಲ್ಪ ಕುಂಟುತ್ತಿತ್ತು. ಶೆಡ್ಡಿನ ಕುಣಿ ಬೇರೆಯವರ ಕಾಲಿನ ಅಳತೆಗೆ ತೋಡಿದ್ದು, ಮೊಣಕಾಲು ಹಿಡಿಯುತ್ತದಂತೆ. ಸೀರೆಗೆ ಈಗ ಗೆರೆ ಬೀಳುವುದಿಲ್ಲವಲ್ಲ ಎಂದು ಕೇಳಿದೆ. “ಬೀಳಂಗಿಲ್ರಿ. ಆದ್ರ ಹನ್ನೆರಡೂ ಮಗ್ಗದ್ದು ಒಂದ ಗಂಟು ಕಟ್ತಾರ. ನಂದು ಯಾವುದು ಅಂತ ಸಾವುಕಾರಗೂ ತಿಳ್ಯಂಗಿಲ್ಲ,” ಎಂದಳು. ಆಮೇಲೆ, “ಚೀಟಿ ಏನಾತ್ರಿ?” ಎಂದು ಕೇಳಿದಳು.

“ಅದು... ಮ್ಯಾಲೆ ವಿಚಾರ ನಡದದರಿ.”

“ಹೂಂ,” ಎಂದಳು. ಸುಳ್ಳು ಗೊತ್ತಾಗಿದ್ದರೂ ಮನೆಗೆ ಬಂದವರ ಮುಖಕ್ಕೆ ಹೇಳಬಾರದು ಎನ್ನುವ “ಹೂಂ”. ಬನಶ್ರೀ ಚಹಾ ತಂದಿಟ್ಟಳು. ಖಟಕ್ ಸದ್ದಿಲ್ಲದ ಆ ಪಡಸಾಲೆಯಲ್ಲಿ ನನಗೆ ಕೂಡಲಾಗಲಿಲ್ಲ. ಏನಾದರೂ ಒಂದು ಒಳ್ಳೆಯ ಮಾತಾಡಿ ಏಳಬೇಕೆನ್ನಿಸಿತು.

“ಅಲ್ಲರಿ ಕಳಕವ್ವಾರ, ಒಂದು ರೀತಿಲೆ ಚಲೋನ ಆತಲ್ರಿ? ದಿನಾ ಹೊರಗ ಹೋಗೋದು, ನಾಲ್ಕು ಮಂದಿ ಜೊತಿ ಮಾತು, ಚಹಾ. ಮನ್ಯಾಗ ಒಬ್ಬರ ಕೂತು ಮಾಡೋದಕ್ಕಿಂತ ಆಫೀಸ್ ಎಷ್ಟೋ ವಾಸಿ ಅನಸೂದಿಲ್ಲೇನು?”

ಕಳಕವ್ವ ಬುತ್ತಿಯ ಡಬ್ಬಿಯನ್ನು ತೊಳೆಯಲು ತೆಗೆದಿಟ್ಟು, ನನ್ನ ಕಡೆ ತಿರುಗಿದಳು.

“ಅಷ್ಟು ಚಲೋ ಇದ್ರ, ನಿಮ್ಮದ್ಯಾಕ ಮುಚ್ಚಿದ್ರಿ?”