ಗಂಟೆಯಲ್ಲಿ ಹೇಳಿದ ವಿಳಾಸ

ಮೊನ್ನೆ ಯಾರೋ ತಂದುಕೊಟ್ಟ ಮದುವೆಯ ಕಾರ್ಡಿನಿಂದ ಹಸಿ ಮಸಿಯ ವಾಸನೆ ಬಂತು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಯಜಮಾನರ ಮೈಯಿಂದ ಸದಾ ಇದೇ ವಾಸನೆ ಬರುತ್ತಿತ್ತು... ಅವರು ಮುಸಲ್ಮಾನರು, ಮನೆಯ ಕಂಪ್ಯೂಟರಿನಲ್ಲೇ ಮದುವೆಯ ಕಾರ್ಡು ಸಿದ್ಧಪಡಿಸುವ ವೃತ್ತಿ ಅವರದು.

ಅವರ ಮಗಳ ಮದುವೆ ನಿಶ್ಚಯವಾದ ವರ್ಷವೇ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಹೆಚ್ಚು ಪ್ರಯಾಣ ಕೂಡದೆಂದು ವೈದ್ಯರು ಹೇಳಿದ್ದರಿಂದ ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ಕುಟುಂಬಸಮೇತ ಕಿತ್ತೂರಿನ ನೆಂಟರ ಮನೆಯಲ್ಲಿ ಉಳಿದರು. ಮಗಳ ಕಾರ್ಡನ್ನು ಮಾತ್ರ ತಮ್ಮ ಕೈಯಾರೆ ಮಾಡಬೇಕೆಂಬ ಹಂಬಲ. ಅರ್ಧ ಮುಗಿದ ಕಾರ್ಡು, ಉರ್ದು–ಕನ್ನಡ ಅಕ್ಷರಗಳೆಲ್ಲ ಇಲ್ಲಿನ ಕಂಪ್ಯೂಟರಿನಲ್ಲಿದ್ದವು. ಬೇರೆ ಊರಿನಲ್ಲಿ ಕುಳಿತೇ ಇಂಟರ್‌ನೆಟ್ ಮೂಲಕ ಅದನ್ನು ನಡೆಸಬಹುದಿತ್ತು; ಹಾಗೆ ಹೊರಗಿನಿಂದ ತಾವು ಬಂದರೆ ಒಳಗೆ ಬಿಡಬೇಕೆಂದು ಇಂಟರ್‌ನೆಟ್ ಪೆಟ್ಟಿಗೆಯಾದ ರೂಟರಿಗೆ ಮೊದಲೇ ಹೇಳಿಟ್ಟಿದ್ದರು. ತೊಡಕು ಒಂದೇ: ಕರೆಂಟು ಹೋಗಿ ಬಂದಾಗಲೆಲ್ಲ ಮನೆಯ ಇಂಟರ್‌ನೆಟ್ ವಿಳಾಸದ, ನಡುನಡುವೆ ಚುಕ್ಕಿ ಇರುವ ಅಂಕಿಗಳು ಬದಲಾಗುತ್ತಿದ್ದವು. ಅವು ತಿಳಿಯದೆ ಅವರು ಕಂಪ್ಯೂಟರನ್ನು ತಲುಪುವಂತಿರಲಿಲ್ಲ. ಮನೆಯ ಕೀಲಿ ನನ್ನಲ್ಲಿತ್ತು. ದಿನವೂ ಬೆಳಿಗ್ಗೆ ಕಂಪ್ಯೂಟರು ಹಚ್ಚಿ, ಅವರ ಮನೆಯ ಫೋನಿನಲ್ಲೇ ಹೊಸ ಅಂಕಿಗಳನ್ನು ಓದಿ ಹೇಳುತ್ತಿದ್ದೆ.

ಕಾರ್ಡು ಮುಗಿಯಲೇಬೇಕಾದ ದಿನ ಶ್ರಾವಣ ಸೋಮವಾರ ಬಂತು. ಸಂಜೆಯ ಪೂಜೆ ಮುಗಿಯುವವರೆಗೆ ನನಗೆ ಮೌನವ್ರತ. ಅಂದೊಂದು ದಿನ ಮಾತನಾಡುತ್ತೇನೆಂದು ಹಿಂದಿನ ದಿನ ಫೋನಿನಲ್ಲಿ ಅವರಿಗೆ ಹೇಳಿದೆ.

“ನನ್ನ ಸಲುವಾಗಿ ವ್ರತ ಮುರೀಬ್ಯಾಡ್ರಿ ಗುರುಗಳ. ಪೂಜಿ ಗಂಟಿ ತಗೊಂಡ ಬರ್ರಿ, ನಾ ಎಣಸ್ತೇನಿ.”

“ಸೊನ್ನೆ ಬಂದರೆ?”

“ಕೆಮ್ಮರಿ! ಕೆಮ್ಮಿದ್ರ ಮೌನ ಕೆಡೂದಿಲ್ಲಲ್ಲ.”

ಮರುದಿನ ಫೋನಿನ ಬಳಿ ಅಂಕಿಗೆ ತಕ್ಕಷ್ಟು ಗಂಟೆ ಬಾರಿಸಿದೆ. ಚುಕ್ಕಿ ಬಂದಲ್ಲಿ ಮೇಜು ತಟ್ಟಿದೆ. ಅತ್ತಲಿಂದ, “ಸಾವಕಾಶ್ರಿ ಗುರುಗಳ, ಇದು ಆರತಿ ಅಲ್ಲ!”

ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲಿನ ಬಾಣದ ಗುರುತು ತಾನಾಗಿ ಚಲಿಸಿತು. ಯಾರೂ ಇಲ್ಲದ ಆ ಕೋಣೆಯಲ್ಲಿ ಅವರು ಬಂದು ಕುಳಿತಂತಾಯಿತು... ಅಕ್ಷರಗಳು ಒಂದೊಂದಾಗಿ ಸರಿದು ನಿಂತವು. ಕೊನೆಗೆ ಖಾಲಿ ಪುಟವೊಂದು ತೆರೆದು ಸಾಲು ಮೂಡಿತು: “ಓದ್ರಿ. ತಪ್ಪಿದ್ರ ಗಂಟಿ ಬಾರಸ್ರಿ.” ಫೋನು ಇನ್ನೂ ತೆರೆದೇ ಇತ್ತು. ಎರಡು ಬಾರಿ ಓದಿದೆ. ಗಂಟೆಯನ್ನು ಮುಟ್ಟಲಿಲ್ಲ.

“ಶುಕರ್” ಎಂದು ಅತ್ತಲಿಂದ ದೇವರಿಗೆ ವಂದಿಸಿದರು. ಪ್ರಿಂಟರು ಸದ್ದು ಮಾಡತೊಡಗಿತು.

ಮದುವೆಯ ಹೊತ್ತಿಗೆ ಅವರು ಬದುಕಿರಲಿಲ್ಲ. ಆದರೆ ಆಮಂತ್ರಿಸುವವರ ಜಾಗದಲ್ಲಿ ಅವರ ಹೆಸರೇ ಅಚ್ಚಾಗಿತ್ತು. ಆ ಕಾರ್ಡು ಹಿಡಿದೇ ಜನ ಬಂದರು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ದೇವರ ದಯೆಯಿಂದ ನನ್ನ ಸೋಮವಾರದ ಮೌನ ಇನ್ನೂ ನಡೆದಿದೆ. ಅದು ಕೆಡದಂತೆ ನನಗಿಂತ ಹೆಚ್ಚು ಕಾಳಜಿ ವಹಿಸಿದ ಅವರೇ ಇಲ್ಲ...