ಮೊದಲು ಮುಟ್ಟಿದ ಆನೆ

ಸಾಗರದ ಕಲ್ಯಾಣಮಂಟಪದಲ್ಲಿ ಚೆಸ್ ಟೂರ್ನಿಯ ಕೊನೆಯ ಸುತ್ತು. ಜಿಲ್ಲಾ ತಂಡದಲ್ಲಿ ಉಳಿದಿದ್ದು ಒಂದೇ ಸ್ಥಾನ. ನಮ್ಮಿಬ್ಬರಲ್ಲಿ ಗೆದ್ದವನಿಗೆ ಅದು. ಎದುರಿಗಿದ್ದವನು ಹೊಸನಗರದ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ನನ್ನೊಡನೆ ಆಡಿದವನು. ಈಗ ತೀರ್ಥಹಳ್ಳಿಯಲ್ಲಿ ಮಕ್ಕಳಿಗೆ ಚೆಸ್ ಕಲಿಸುತ್ತಾನೆ.

"ಪೇಪರ್‌ನೋರು ಇನ್ನೂ ಆಡ್ತಾ ಇದೀರಾ?" ಎಂದು ಕೈ ಕುಲುಕಿದ. ನಾನು ಪತ್ರಿಕೆಯ ವರದಿಗಾರನಾದರೂ ಅದುವರೆಗೆ ನನ್ನನ್ನು ಬಹುವಚನದಲ್ಲಿ ಕರೆದವನಲ್ಲ.

ಬಿಳಿ ಕಾಯಿ ನನ್ನದು. ನಡುವಿನ ಕಾಲಾಳುಗಳನ್ನು ಬಿಟ್ಟು, ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದೆ. ಬದಿಯಿಂದ ಶುರುವಾಗುವ ಈ ಆಟದಲ್ಲಿ ಹೊಡೆದಾಟ ತಡವಾಗಿ ಬರುತ್ತದೆ. ಅಷ್ಟರಲ್ಲಿ ರಾಜನನ್ನು ಭದ್ರ ಮಾಡಿಕೊಳ್ಳಬಹುದು.

"ಅದೇ ಹಳೇ ಕಳ್ಳದಾರಿ," ಎಂದು ಗೊಣಗಿದ.

ಕುದುರೆ, ಇನ್ನೊಂದು ಒಂಟೆ ಹೊರಬಂದವು. ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಬದಿಗೆ ಒಯ್ಯುವ ಕ್ಯಾಸ್ಲಿಂಗ್ ಮಾಡಲು ಮೂಲೆಯ ಆನೆಯನ್ನು ಎತ್ತಿ ಒಳಗಿಟ್ಟು, ರಾಜನನ್ನು ಅದರಾಚೆ ದಾಟಿಸಿದೆ. ಟೈಲರ್ ಅಂಗಡಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು, ಅವನೂ. ಟೂರ್ನಿಯ ನಿಯಮದಲ್ಲಿ ರಾಜನನ್ನೇ ಮೊದಲು ಮುಟ್ಟಬೇಕು.

ಅವನು ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದ. "ಆನೆ ಮೊದ್ಲು ಮುಟ್ಟಿದಾರೆ ಸರ್."

"ಹೌದೇನ್ರಿ?"

"ಹೌದು," ಎಂದೆ.

ರಾಜ ಹಿಂದಿನ ಮನೆಗೆ ಮರಳಿದ. ಆನೆ ಅಲ್ಲೇ ಉಳಿಯಿತು. ಅದು ಕದಲಿದ್ದರಿಂದ ಆ ಬದಿಗೆ ಇನ್ನು ಕ್ಯಾಸ್ಲಿಂಗ್ ಇಲ್ಲ, ರಾಜ ನಡುವೆಯೇ. ತೀರ್ಪುಗಾರರು ಅತ್ತ ಹೋದದ್ದೇ ಅವನು ಬಗ್ಗಿ, "ಅದಕ್ಕೇ ಕಾಯ್ತಾ ಇದ್ದೆ," ಎಂದ.

ಆಮೇಲೆ ನಡುವಿನ ಕಾಲಾಳುಗಳನ್ನು ಬಲಿಕೊಟ್ಟು ದಾರಿ ತೆರೆದ. ಊಟದ ಹೊತ್ತಿಗೆ ನನ್ನ ರಾಜ ಸಿಕ್ಕಿಬಿದ್ದ. ಸಂಜೆ ಪತ್ರಿಕೆಗೆ ಕಳಿಸಿದ ವರದಿಯಲ್ಲಿ ಗೆದ್ದವನ ಹೆಸರನ್ನು ತಪ್ಪಿಲ್ಲದೆ ಬರೆದೆ. ಸೋತವನ ಹೆಸರು ಸುದ್ದಿಗೆ ಬೇಕಿರಲಿಲ್ಲ.

ಮುಂದಿನ ಭಾನುವಾರ ಅವನು ಸಿಹಿಯ ಡಬ್ಬಿ ಹಿಡಿದು ಟೈಲರ್ ಅಂಗಡಿಗೆ ಬಂದ. ಎಲ್ಲರೂ ತಿಂದರು. ನಾನು ಬೋರ್ಡ್ ಹಾಸಿದೆ. ಏಳೆಂಟು ನಡೆಗಳಾದ ಮೇಲೆ, ತಂಡದ ಜರ್ಸಿಯ ಬಣ್ಣ ಹೇಳುತ್ತಾ ಅವನು ಆನೆಯನ್ನು ಎತ್ತಿ ಒಳಗಿಟ್ಟು, ರಾಜನತ್ತ ಕೈ ಚಾಚಿದ. ನಾನು ಕೈ ಅಡ್ಡ ಇಟ್ಟೆ.

"ಆನೆ ಮುಟ್ಟಿದ್ದೀರಿ."

"ಎಂತ ಮಾರಾಯ, ಇದೇನು ಟೂರ್ನಮೆಂಟಾ?"

"ರಾಜನ್ನ ಬಿಡಿ."

ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿದರು. "ಇಲ್ಲಿ ಬೇಡ್ವೋ," ಎಂದರು ನನಗೆ. ನಾನು ಕೈ ತೆಗೆಯಲಿಲ್ಲ.

ಅವನು ಕಾಯಿಗಳನ್ನೆಲ್ಲ ಮೊಣಕೈಯಿಂದ ನೆಲಕ್ಕೆ ತಳ್ಳಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಬಂದಿಲ್ಲ. ಆ ಕೋಣೆಯಲ್ಲಿ ಈಗ ಎಲ್ಲರೂ ರಾಜನನ್ನೇ ಮೊದಲು ಮುಟ್ಟುತ್ತಾರೆ, ಮುಟ್ಟುವ ಮುಂಚೆ ನನ್ನ ಮುಖ ನೋಡುತ್ತಾರೆ.